ಜಾತಿಯ ಕಥೆಗೆ ಯಾವ ಭಾಷೆ: ಇಡೀ ಆಡುಮಾತೋ, ಸಂಭಾಷಣೆಗಷ್ಟೇ ಆಡುಮಾತೋ?

ರಾಯಚೂರು, ಕೊಪ್ಪಳ ಸೀಮೆಯ ಕಥೆ ಬರೆಯುವವರಿಗೆ ಎರಡು ದಾರಿಗಳಿವೆ. ನಿರೂಪಣೆ ಗ್ರಂಥಭಾಷೆಯಲ್ಲಿದ್ದು ಮಾತಷ್ಟೇ ಆಡುನುಡಿಯಲ್ಲಿದ್ದರೆ ಓದು ಸಲೀಸು. ಆದರೆ ‘ಅವನು ಹೋಟೆಲಿನ ಹೊರಗೆ ನಿಂತು ಚಹಾ ಕುಡಿದನು’ ಎಂದಾಗ ನಿರೂಪಕ ದೂರ ನಿಂತು ನೋಡುತ್ತಾನೆ. ಎರಡನೆಯ ದಾರಿಯಲ್ಲಿ ನಿರೂಪಣೆಯೂ ಆಡುಮಾತೇ: ‘ಹೋಟ್ಲ ಹೊರಗ ನಿಂತು ಚಾ ಕುಡದ’ ಎಂದರೆ ನಿರೂಪಕನೂ ಅದೇ ಕೇರಿಯವನಾಗುತ್ತಾನೆ.

ಮೊದಲ ದಾರಿಯಲ್ಲಿ ದೊಡ್ಡ ತಪ್ಪೊಂದು ಪದೇಪದೇ ಆಗುತ್ತದೆ: ಕೂಲಿಯಾಳಿಗೆ ಆಡುಮಾತು, ಗೌಡನಿಗೆ ಶುದ್ಧ ಕನ್ನಡ. ಊರಲ್ಲಿ ಗೌಡನೂ ‘ಏನಲೇ, ಎಲ್ಲಿ ಹೊಂಟಿ?’ ಅಂತಲೇ ಕೇಳುತ್ತಾನೆ. ಜಾತಿ ಕಾಣುವುದು ಏಕವಚನದಲ್ಲಿ. ಅರವತ್ತರ ಆಳನ್ನು ಹತ್ತರ ಹುಡುಗ ‘ಬಾರಲೇ’ ಅಂದಾಗ ಮುದುಕ ‘ಬಂದೆ ಧಣೇರ’ ಅನ್ನುತ್ತಾನಲ್ಲ, ಅಲ್ಲಿ ವಿವರಣೆಯೇ ಬೇಡ.

ಇಡೀ ಆಡುಮಾತಿನಲ್ಲಿ ಕಾಗುಣಿತ ಕೈಕೊಡುತ್ತದೆ. ‘ಐತಿ’, ‘ಅದ’ ಬೆರೆಸದೆ ಒಂದನ್ನೇ ಹಿಡಿಯಿರಿ. ರಾಯಚೂರು, ಕೊಪ್ಪಳ 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದವು. ಹಾಗಾಗಿ ಅಲ್ಲಿ ‘ದವಾಖಾನಿ’ಯಂಥ (ಆಸ್ಪತ್ರೆ) ಉರ್ದು ಮೂಲದ ಪದ ಸಹಜ. ಬಳ್ಳಾರಿ 1953ರವರೆಗೆ ಮದ್ರಾಸ್ ರಾಜ್ಯದಲ್ಲಿತ್ತು, ಅಲ್ಲಿ ತೆಲುಗಿನ ನೆರಳು ಹೆಚ್ಚು.

ಕೇರಿಯವರೇ ‘ನಾನು’ ಎಂದು ಹೇಳುವ ಕಥೆಗೆ ಇಡೀ ಆಡುಮಾತನ್ನೇ ಆರಿಸಿ. ಹಲವು ಕೇರಿಗಳಲ್ಲಿ ಓಡಾಡುವ ಕಥೆಗೆ ಸಂಭಾಷಣೆಯಲ್ಲಷ್ಟೇ ಆಡುಮಾತು ಸಾಕು.