ಘಾಟಿಲ್ಲದ ಪುಟ್ಟಿ: ನಾಲ್ಕು ವರ್ಷ, ಹನ್ನೊಂದು ಟ್ಯಾಂಕ್

ನಾನು ಟ್ಯಾಂಕ್ ಮಾಡೆಲ್ ಕಟ್ಟುವ ಮೇಜಿಗೂ ಮಲಗುವ ಮಂಚಕ್ಕೂ ನಡುವೆ ಒಂದು ಕುರ್ಚಿ ಹಿಡಿಸುವಷ್ಟು ಜಾಗ ಇದೆ, ಅಷ್ಟೇ. ಮಾಡೆಲ್‌ನ ಸಂದು ತುಂಬಲು, ಮೈ ಒರಟು ಮಾಡಲು ಹಚ್ಚುವ ಪುಟ್ಟಿಗಳ ಈ ವಿಮರ್ಶೆ ಹುಟ್ಟಿದ್ದು ಅದೇ ಕಾರಣಕ್ಕೆ. ಬೇರೆ ಕೋಣೆ, ಎಕ್ಸಾಸ್ಟ್ ಫ್ಯಾನ್ ಎಲ್ಲ ಇದ್ದವರಿಗೆ ಇದರಲ್ಲಿ ಅರ್ಧ ಮಾತು ಬೇಕಾಗಲಿಕ್ಕಿಲ್ಲ.

ಮೊದಲೆಲ್ಲ ಟ್ಯೂಬಿನಲ್ಲಿ ಬರುವ ಬೂದು ಬಣ್ಣದ ಸಾಲ್ವೆಂಟ್ ಪುಟ್ಟಿಯನ್ನೇ ಬಳಸುತ್ತಿದ್ದೆ. ಕೆಲಸದಲ್ಲಿ ಅದಕ್ಕೆ ಸಾಟಿ ಇಲ್ಲ. ಇದನ್ನು ಈಗಲೇ ಒಪ್ಪಿಬಿಡುತ್ತೇನೆ. ಕಿಟ್‌ನ ಪ್ಲಾಸ್ಟಿಕ್ ಪಾಲಿಸ್ಟೈರೀನ್. ಪುಟ್ಟಿಯ ಸಾಲ್ವೆಂಟ್ ಅದನ್ನು ಚೂರು ಕರಗಿಸಿ ಒಳಗೆ ಕಚ್ಚಿಕೊಳ್ಳುತ್ತದೆ. ಒಣಗಿದ ಮೇಲೆ ಉಗುರಲ್ಲಿ ಕೆರೆದರೂ ಬರುವುದಿಲ್ಲ. ಲಿಕ್ವಿಡ್ ಸಿಮೆಂಟ್ (ಮಾಡೆಲ್ ಅಂಟಿಸುವ ತೆಳು ಅಂಟು) ಬೆರೆಸಿ ಹಳೆ ಬ್ರಷ್‌ನಲ್ಲಿ ತಟ್ಟಿದರೆ ನಿಜವಾದ ಟ್ಯಾಂಕಿನ ಎರಕದ ಉಕ್ಕಿನ ಒರಟುತನ ತಾನಾಗಿ ಮೂಡುತ್ತದೆ.

ತೊಂದರೆ ಶುರುವಾದದ್ದು ಒಂದು ಸಂಜೆ. ಮಳೆ ಅಂತ ಕಿಟಕಿ ಮುಚ್ಚಿಕೊಂಡು ಎರಡು ಗಂಟೆ ಟರೆಟ್, ಅಂದರೆ ಟ್ಯಾಂಕಿನ ಮೇಲಿನ ತಿರುಗುವ ಗೋಪುರ, ತಟ್ಟುತ್ತಾ ಕೂತಿದ್ದೆ. ಎದ್ದಾಗ ತಲೆ ಗಿರ್ ಅಂತು. ರಾತ್ರಿಯೆಲ್ಲ ತಲೆನೋವು. ಮುಖಕ್ಕೆ ಮಾಸ್ಕ್ ಹಾಕಿದ್ದೆ, ಅದೇ ಧೈರ್ಯ. ಆದರೆ ಅದು ಧೂಳಿನ ಮಾಸ್ಕ್. ಧೂಳಿನ ಮಾಸ್ಕ್ ಸಾಲ್ವೆಂಟ್ ಆವಿಯನ್ನು ತಡೆಯುವುದೇ ಇಲ್ಲ. ಅದಕ್ಕೆ ಇದ್ದಿಲು ತುಂಬಿದ ಕಾರ್ಟ್ರಿಜ್ ಇರುವ ಮಾಸ್ಕ್ ಬೇಕು. ಟ್ಯೂಬಿನ ಹಿಂದೆ ಸಣ್ಣ ಅಕ್ಷರದಲ್ಲಿ ಆ ಘಾಟಿನ ಸಾಲ್ವೆಂಟ್‌ನ ಹೆಸರು, ಟಾಲ್ವೀನ್ ಅಂತ ಬರೆದಿತ್ತು. ಅಷ್ಟು ದಿನ ಅದನ್ನು ನಾನು ಓದಿಯೇ ಇರಲಿಲ್ಲ. ಮಾರನೆ ದಿನದಿಂದ ಘಾಟಿಲ್ಲದ ಪುಟ್ಟಿಯ ಹುಡುಕಾಟ.

ಮೊದಲು ಕೈಗೆ ಬಂದದ್ದು ನೀರಿನ ಪುಟ್ಟಿ, ಅಂದರೆ ಅಕ್ರಿಲಿಕ್. ವಲ್ಲೆಹೋ ಕಂಪನಿಯ ಪ್ಲಾಸ್ಟಿಕ್ ಪುಟ್ಟಿ, ಡಿಲಕ್ಸ್ ಮೆಟೀರಿಯಲ್ಸ್‌ನ ಪರ್ಫೆಕ್ಟ್ ಪ್ಲಾಸ್ಟಿಕ್ ಪುಟ್ಟಿ, ಈ ಜಾತಿಯವು. ವಾಸನೆ ಇಲ್ಲ ಅಂದರೆ ಇಲ್ಲ. ಬ್ರಷ್ ನೀರಲ್ಲೇ ತೊಳೆಯಬಹುದು. ಸಂದು ತುಂಬುವುದಕ್ಕಂತೂ ಆರಾಮ: ಸಂದಿಗೆ ಎಳೆದು, ಒದ್ದೆ ಹತ್ತಿ ಕಡ್ಡಿಯಲ್ಲಿ ಒರೆಸಿದರೆ ಆಯಿತು, ಉಜ್ಜುವ ಕೆಲಸವೇ ಇಲ್ಲ. ಪಕ್ಕದ ರಿವೆಟ್‌ಗಳು ಉಳಿಯುತ್ತವೆ. ಆದರೆ ದಪ್ಪ ಹಚ್ಚಿದರೆ ನೀರು ಆರುತ್ತಾ ಕುಗ್ಗಿ ಬಿರುಕು ಬಿಡುತ್ತದೆ. ತೆಳುವಾಗಿ ಎರಡು ಮೂರು ಸಲ ಹಚ್ಚಬೇಕು. ಒಣಗಿದ ಮೇಲೆ ಅದರ ಮೇಲೆ ಪ್ಯಾನೆಲ್ ಗೆರೆ (ಹಾಳೆಗಳು ಕೂಡುವ ಕಡೆಯ ಗೆರೆ) ಕೊರೆಯಲು ಹೋಗಬೇಡಿ, ಅಂಚು ಪುಡಿಪುಡಿಯಾಗಿ ಉದುರುತ್ತದೆ.

ಮೊದಲ ಟರೆಟ್ ಹಾಳಾಯಿತು. ಚೆನ್ನಾಗಿ ತಟ್ಟಿದ್ದೆ, ಪ್ರೈಮರ್ ಆಗಿತ್ತು, ಹಸಿರು ಬಣ್ಣ ಆಗಿತ್ತು. ಕ್ಯಾಮೊಫ್ಲಾಜ್‌ಗೆ ಹಾಕಿದ ಟೇಪ್ ಎಳೆದೆ. ಟೇಪ್ ಜೊತೆ ಬಣ್ಣ, ಬಣ್ಣದ ಜೊತೆ ಪ್ರೈಮರ್, ಪ್ರೈಮರ್ ಜೊತೆ ಪುಟ್ಟಿ, ಎಲ್ಲ ಒಂದೇ ಹಾಳೆಯಾಗಿ ಎದ್ದು ಬಂತು. ಒಳಗೆ ಕಿಟ್‌ನ ಪ್ಲಾಸ್ಟಿಕ್ ಹೊಸದರ ಹಾಗೆ ಹೊಳೆಯುತ್ತಿತ್ತು! ಪುಟ್ಟಿಯನ್ನು ಬೈದು ಏನು ಪ್ರಯೋಜನ? ನೀರಿನ ಪುಟ್ಟಿ ಪ್ಲಾಸ್ಟಿಕ್ಕನ್ನು ಕರಗಿಸುವುದಿಲ್ಲ, ಮೇಲೆ ಸುಮ್ನೆ ಕೂರುತ್ತದೆ. ಕೂರುವುದಕ್ಕೆ ಹಿಡಿತ ಮಾಡಿಕೊಡುವುದು ನನ್ನ ಕೆಲಸ. ನಾನು ಅದನ್ನು ಮಾಡಿರಲಿಲ್ಲ.

ಈಗ ಮಾಡುವುದು ಹೀಗೆ. ಟರೆಟ್ ಪೂರ್ತಿ 400 ನಂಬರ್ ಸ್ಯಾಂಡ್ ಪೇಪರ್‌ನಲ್ಲಿ ಮಂಕಾಗುವ ತನಕ ಉಜ್ಜುತ್ತೇನೆ. ಪಾತ್ರೆ ತೊಳೆಯುವ ಸೋಪಿನ ನೀರಲ್ಲಿ ತೊಳೆದು, ಒಣಗಲು ಬಿಟ್ಟು, ಆಮೇಲೆ ಬರಿಗೈಯಲ್ಲಿ ಮುಟ್ಟುವುದಿಲ್ಲ. ಒಂದು ಟೈಲ್ ಚೂರಿನ ಮೇಲೆ ಕಡಲೆ ಗಾತ್ರದ ಪುಟ್ಟಿ, ಬ್ರಷ್ ತುದಿಯಿಂದ ಒಂದೆರಡು ಹನಿ ನೀರು. ಗೋಡೆಗೆ ಹಚ್ಚುವ ಬಣ್ಣದಷ್ಟು ದಪ್ಪ ಇದ್ದರೆ ಸರಿ. ಬ್ರಷ್ ಹಳೆಯದು, ಕೂದಲು ಅರ್ಧ ಸೆಂಟಿಮೀಟರ್‌ಗೆ ಕತ್ತರಿಸಿದ್ದು. ಅದನ್ನು ನೆಟ್ಟಗೆ ಹಿಡಿದು ತಟ್ಟುವುದು, ಎಳೆಯುವುದಲ್ಲ. ಒಂದು ಸಲಕ್ಕೆ ಹೆಬ್ಬೆರಳಿನ ಉಗುರಷ್ಟೇ ಜಾಗ. ತಟ್ಟಿ ಒಂದೆರಡು ನಿಮಿಷಕ್ಕೆ ಒದ್ದೆ ಹೊಳಪು ಆರುತ್ತಾ ಬರುತ್ತದೆ ನೋಡಿ, ಆಗ ಒಣ ಬ್ರಷ್‌ನಲ್ಲಿ ಇನ್ನೊಂದು ಸಲ ಮೆಲ್ಲಗೆ ತಟ್ಟಬೇಕು. ಚೂಪಾಗಿ ಎದ್ದ ತುದಿಗಳು ಮಲಗುತ್ತವೆ. ಎಲ್ಲಾ ಇರುವುದು ಆ ಎರಡನೇ ತಟ್ಟಿನಲ್ಲಿ. ರಾತ್ರಿ ಒಣಗಲು ಬಿಟ್ಟು, ಬೆಳಿಗ್ಗೆ 600 ನಂಬರಿನ ಪೇಪರ್ ಹಗುರವಾಗಿ ಆಡಿಸಿದರೆ ಮುಗಿಯಿತು. ಈ ರೀತಿ ಮಾಡಿದ ಟರೆಟ್‌ಗಳಲ್ಲಿ ಒಂದೂ ಇದುವರೆಗೆ ಹಕ್ಕಳೆ ಎದ್ದಿಲ್ಲ, ಅತ್ಯಂತ ಹಳೆಯದಕ್ಕೆ ಮೂರೂವರೆ ವರ್ಷ ಆಯಿತು.

ಇಲ್ಲಿ ಒಂದು ಮಾತು, ಪುಟ್ಟಿಗೆ ಸಂಬಂಧ ಇಲ್ಲದ್ದು. 1/35 ಅಳತೆಯಲ್ಲಿ 0.1 ಮಿಲಿಮೀಟರ್ ಉಬ್ಬು ಅಂದರೆ ನಿಜವಾದ ಟ್ಯಾಂಕಿನಲ್ಲಿ 3.5 ಮಿಲಿಮೀಟರ್. ನನ್ನ ಮೊದಮೊದಲ ಟರೆಟ್‌ಗಳು ಮೊಸಳೆ ಬೆನ್ನಿನ ಹಾಗಿವೆ. ಜೊತೆಗೆ ಎಲ್ಲ ಕಡೆ ತಟ್ಟುವ ಹುಚ್ಚು ಬೇರೆ. ಈ ಒರಟುತನ ಬರುವುದು ಮರಳಿನ ಅಚ್ಚಿನಲ್ಲಿ ಉಕ್ಕು ಎರಕ ಹೊಯ್ದಾಗ. ಸೋವಿಯತ್ ಟ್ಯಾಂಕ್ ಟಿ-34ರ ಎರಕದ ಟರೆಟ್‌ಗೆ ಬೇಕು, ಅದರ ಹಲ್ (ಟರೆಟ್ ಕೆಳಗಿನ ಒಡಲು) ಹಾಳೆ ಉಕ್ಕಿನದು, ಅಲ್ಲಿ ಬೇಡ. ಉರಾಲ್‌ಮಾಶ್ ಕಾರ್ಖಾನೆಯಲ್ಲಿ ಪ್ರೆಸ್‌ನಿಂದ ಒತ್ತಿ ಮಾಡಿದ ಟರೆಟ್‌ಗೂ ಬೇಡ. ಅಮೆರಿಕದ ಶೆರ್ಮನ್ ಟ್ಯಾಂಕಿನ ಮಾದರಿಗಳಲ್ಲಿ ಎಂ4ಎ1ರ ಮೇಲಿನ ಹಲ್ ಎರಕದ್ದು, ಎಂ4ಎ3ರದ್ದು ವೆಲ್ಡ್ ಮಾಡಿದ್ದು. ಇಷ್ಟು ನೋಡಿಕೊಂಡರೆ ಪುಟ್ಟಿಯೂ ಉಳಿಯುತ್ತದೆ.

ಎರಡನೇ ಜಾತಿ ಎಪಾಕ್ಸಿ. ನನ್ನ ಬಳಿ ಇರುವುದು ಮಿಲಿಪುಟ್, ಬಿಳಿ ಬಣ್ಣದ ಸೂಪರ್‌ಫೈನ್. ಎರಡು ಕಡ್ಡಿ, ಸಮ ಸಮ ತೆಗೆದು ಬಣ್ಣ ಒಂದಾಗುವ ತನಕ ನಾದಬೇಕು. ಸುಮಾರು ಒಂದು ಗಂಟೆ ಕೈಗೆ ಸಿಗುತ್ತದೆ, ಮೂರು ನಾಲ್ಕು ಗಂಟೆಗೆ ಕಲ್ಲಾಗುತ್ತದೆ. ಕುಗ್ಗುವುದಿಲ್ಲ ಅಂತಲೇ ಹೇಳಬಹುದು. ಒದ್ದೆ ಬೆರಳಲ್ಲಿ ಸವರಿದರೆ ನಯ ಆಗುತ್ತದೆ.

ಒದ್ದೆ ಬೆರಳು ಅಂದೆನಲ್ಲ, ಅದೇ ನಾನು ಮಾಡಿದ ಎರಡನೇ ತಪ್ಪು. ವಾಸನೆ ಇಲ್ಲ, ಅಂದಮೇಲೆ ಅಪಾಯವೂ ಇಲ್ಲ ಅಂದುಕೊಂಡು ತಿಂಗಳುಗಟ್ಟಲೆ ಬರಿಗೈಯಲ್ಲಿ ಎಪಾಕ್ಸಿ ನಾದಿದೆ. ಬೆರಳ ಸಂದಿಯಲ್ಲಿ ಕೆಂಪು ದದ್ದು, ನವೆ. ಗಟ್ಟಿಯಾಗದ ಎಪಾಕ್ಸಿ ರಾಳ, ಅದರ ಹಾರ್ಡನರ್, ಎರಡಕ್ಕೂ ಚರ್ಮಕ್ಕೆ ಅಲರ್ಜಿ ಹತ್ತಿಸುವ ಗುಣ ಇದೆ. ಒಂದು ಸಲ ಅಲರ್ಜಿ ಹತ್ತಿದರೆ ಆಮೇಲೆ ಚೂರು ತಾಗಿದರೂ ಸಾಕು. ಸಾಲ್ವೆಂಟ್ ಪುಟ್ಟಿ ಘಾಟು ಬೀರಿ ಹುಷಾರು ಅಂತ ಹೇಳುತ್ತದೆ, ಎಪಾಕ್ಸಿ ಅದನ್ನೂ ಹೇಳುವುದಿಲ್ಲ. ಈಗ ನೈಟ್ರೈಲ್ ಗ್ಲೌಸ್ ಇಲ್ಲದೆ ಡಬ್ಬ ತೆಗೆಯುವುದಿಲ್ಲ. ಗ್ಲೌಸ್ ಒದ್ದೆ ಮಾಡಿಕೊಂಡರೆ ಅಂಟುವುದೂ ಇಲ್ಲ. ಅಂದಹಾಗೆ ಯುವಿ ಬೆಳಕಿಗೆ ಗಟ್ಟಿಯಾಗುವ ಪುಟ್ಟಿಯನ್ನೂ ನೋಡಿದೆ. ಅದರ ಅಕ್ರಿಲೇಟ್‌ಗಳಿಗೂ ಇದೇ ಚಾಳಿ. ನವೆಯ ನೆನಪು ಇನ್ನೂ ಹಸಿಯಾಗಿತ್ತು, ಬಿಟ್ಟೆ.

ಗ್ಲೌಸ್ ಹಾಕಿಕೊಂಡ ಮೇಲೆ ಎಪಾಕ್ಸಿಯಷ್ಟು ಖುಷಿ ಕೊಟ್ಟದ್ದು ಬೇರೆ ಇಲ್ಲ, ಅದೂ ಝಿಮ್ಮೆರಿಟ್‌ಗೆ. ಮ್ಯಾಗ್ನೆಟಿಕ್ ಮೈನ್ ಅಂಟದಿರಲಿ ಅಂತ ಜರ್ಮನರು 1943ರ ದ್ವಿತೀಯಾರ್ಧದಿಂದ 1944ರ ಸೆಪ್ಟೆಂಬರ್ ತನಕ ಕಾರ್ಖಾನೆಯಲ್ಲೇ ಟ್ಯಾಂಕಿಗೆ ಮೆತ್ತುತ್ತಿದ್ದ ಗೀರುಗೀರಿನ ಲೇಪ ಅದು. ತಮಾಷೆ ಅಂದರೆ ಅದರ ಅಂಟು ಪಾಲಿವಿನೈಲ್ ಅಸಿಟೇಟ್, ಬಡಗಿಗಳ ಬಿಳಿ ಅಂಟಿನಲ್ಲಿ ಇರುವುದೇ. ಅದಕ್ಕೆ ಬೇರಿಯಂ ಸಲ್ಫೇಟ್, ಮರದ ಹೊಟ್ಟು ಎಲ್ಲ ಸೇರಿಸುತ್ತಿದ್ದರು. ಅಸಲಿ ಟ್ಯಾಂಕಿಗೇ ಪುಟ್ಟಿ ಮೆತ್ತಿದ್ದರು, ಅಲ್ವಾ! ನಾನು ಒಂದು ಸಲಕ್ಕೆ ಒಂದೇ ಪ್ಯಾನೆಲ್ ತೆಗೆದುಕೊಳ್ಳುತ್ತೇನೆ. ಕಾಗದದಷ್ಟು ತೆಳುವಾಗಿ ಹರಡಿ, ಅರ್ಧ ಗಂಟೆ ಬಿಟ್ಟು, ಜಿಗುಟು ಕಡಿಮೆಯಾದ ಮೇಲೆ ಒದ್ದೆ ಮಾಡಿದ ಗರಗಸದ ಬ್ಲೇಡ್ ಒತ್ತುತ್ತೇನೆ. ಬೇಗ ಒತ್ತಿದರೆ ಬ್ಲೇಡಿಗೆ ಅಂಟಿ ಎದ್ದು ಬರುತ್ತದೆ, ತಡವಾದರೆ ಗೀರು ಬೀಳುವುದೇ ಇಲ್ಲ.

ಧೂಳಿನ ವಿಷಯಕ್ಕೆ ಬಂದರೆ ಯಾವ ಪುಟ್ಟಿಯೂ ಸಾಚಾ ಅಲ್ಲ. ಒಳಗಿರುವುದು ಟಾಲ್ಕ್, ಅಮೃತಶಿಲೆ ಪುಡಿ, ಅಂಥವು. ನೀರು ಹಚ್ಚಿ ಉಜ್ಜುತ್ತೇನೆ, ಆ ಹಳೆ ಧೂಳಿನ ಮಾಸ್ಕ್ ಇಲ್ಲಿ ಕೆಲಸಕ್ಕೆ ಬರುತ್ತದೆ. ಅಕ್ರಿಲಿಕ್ ಪುಟ್ಟಿಗೆ ಮಾತ್ರ ಪೇಪರ್ ಬರೀ ತೇವ ಇದ್ದರೆ ಸಾಕು, ನೆನೆಸಿದರೆ ಮೆತ್ತಗಾಗುತ್ತದೆ. ಎಪಾಕ್ಸಿಯನ್ನು ಮಾರನೆ ದಿನದ ತನಕ ಮುಟ್ಟುವುದಿಲ್ಲ.

ಅಂಕ ಕೊಡಲೇಬೇಕು ಅಂದರೆ: ಎರಕದ ಟರೆಟ್‌ಗೆ ನೀರಿನ ಪುಟ್ಟಿ, ಐದಕ್ಕೆ ನಾಲ್ಕು. ಒಂದು ಅಂಕ ಕಡಿಮೆ ಯಾಕೆ ಅಂತ ಆ ಟೇಪ್‌ಗೆ ಗೊತ್ತು. ಝಿಮ್ಮೆರಿಟ್‌ಗೆ, ದೊಡ್ಡ ಸಂದಿಗೆ ಎಪಾಕ್ಸಿ, ಐದಕ್ಕೆ ಐದು, ಗ್ಲೌಸ್ ಹಾಕಿದವರಿಗೆ ಮಾತ್ರ. ಕೂದಲೆಳೆಯ ಸಂದಿ ತುಂಬಿ ಅದರ ಮೇಲೆ ಗೆರೆ ಕೊರೆಯಬೇಕು ಅನ್ನುವವರಿಗೆ ಎರಡೂ ಅಷ್ಟಕ್ಕಷ್ಟೇ, ಅಲ್ಲಿ ಸಾಲ್ವೆಂಟ್ ಪುಟ್ಟಿಯೇ ಗೆಲ್ಲುತ್ತದೆ. ನನ್ನ ಹಳೆ ಟ್ಯೂಬ್ ಇನ್ನೂ ಬಾಲ್ಕನಿಯ ಡಬ್ಬದಲ್ಲಿದೆ. ಮುಚ್ಚಳ ಅಂಟಿಕೊಂಡು ಎರಡು ವರ್ಷ ಆಗಿರಬೇಕು, ತಿರುಗಿಸಿ ನೋಡಿಲ್ಲ.