ಬೆಕೆಟ್, ರಿಯೆಲ್ಲೊ, ಕಾರ್ಲಿನ್: ಒಂದೇ ಬೇಸ್‌ಮೆಂಟಿನ ಮೂರು ಆಯಿಲ್ ಬರ್ನರ್‌ಗಳು

ಮ್ಯಾಸಚೂಸೆಟ್ಸ್‌ನ ವೂಸ್ಟರ್‌ನಲ್ಲಿ ಮೂರಂತಸ್ತಿನ ಮರದ ಮನೆಗಳು ಬೀದಿ ಬೀದಿಯಲ್ಲೂ ಸಿಗುತ್ತವೆ. ಇವಕ್ಕೆ ಇಲ್ಲಿ ತ್ರೀ-ಡೆಕರ್ ಅನ್ನುತ್ತಾರೆ. ನಮ್ಮದೂ ಅಂಥದ್ದೇ ಮನೆ. ಕೆಳಗೆ ನಾವು, ಮೇಲೆ ಬಾಡಿಗೆಯವರು. ಚಳಿಗಾಲದಲ್ಲಿ ಮನೆ ಬಿಸಿ ಮಾಡಲು ಒಂದೊಂದು ಅಂತಸ್ತಿಗೂ ಬೇರೆ ಬೇರೆ ಬಾಯ್ಲರ್, ಬೇರೆ ಬೇರೆ ಎಣ್ಣೆ ಟ್ಯಾಂಕ್. ಹಳೆಯ ಮಾಲೀಕರು ಒಂದೊಂದನ್ನು ಒಂದೊಂದು ಕಾಲದಲ್ಲಿ ಹಾಕಿಸಿದ್ದರಿಂದ ಬಾಯ್ಲರ್‌ನಲ್ಲಿ ಎಣ್ಣೆ ಉರಿಸುವ ಬರ್ನರ್‌ಗಳೂ ಮೂರು ಕಂಪನಿಯವು: ಬೆಕೆಟ್ ಎಎಫ್‌ಜಿ, ರಿಯೆಲ್ಲೊ 40, ಕಾರ್ಲಿನ್ ಇಝಡ್-1. ಬಾಯ್ಲರ್‌ಗಳ ಅಳತೆ ಹೆಚ್ಚುಕಮ್ಮಿ ಒಂದೇ. ಎಣ್ಣೆ ತರುವ ಟ್ರಕ್ಕೂ ಒಂದೇ. ಈ ಕಡೆ ಮನೆ ಕೊಳ್ಳುವ ನಮ್ಮವರು ಯಾವ ಬರ್ನರ್ ಒಳ್ಳೆಯದು ಎಂದು ಕೇಳುತ್ತಲೇ ಇರುತ್ತಾರೆ. ಹಲವು ಚಳಿಗಾಲ ಇವುಗಳ ಪಕ್ಕ ನಿಂತು ಕಂಡದ್ದನ್ನು ಬರೆಯುತ್ತಿದ್ದೇನೆ.

ಮೂರರ ಕೆಲಸವೂ ಒಂದೇ ಬಗೆಯದು. ಪಂಪ್ ಎಣ್ಣೆಯನ್ನು ಒತ್ತಡದಿಂದ ಸಣ್ಣ ಹಿತ್ತಾಳೆ ನಾಝಲ್ ಮೂಲಕ ಮಂಜಿನಂತೆ ಚಿಮ್ಮಿಸುತ್ತದೆ. ಫ್ಯಾನ್ ಗಾಳಿ ಕೊಡುತ್ತದೆ. ಎರಡು ಎಲೆಕ್ಟ್ರೋಡ್‌ಗಳ ನಡುವೆ ಕಿಡಿ ಹಾರುತ್ತದೆ. ಬೆಂಕಿ ಹೊತ್ತಿತೋ ಇಲ್ಲವೋ ಎಂದು ಕ್ಯಾಡ್ ಸೆಲ್ ಎಂಬ ಪುಟ್ಟ ಕಣ್ಣು ನೋಡುತ್ತಿರುತ್ತದೆ. ಹೊತ್ತದಿದ್ದರೆ ಕಂಟ್ರೋಲ್ ಎಲ್ಲವನ್ನೂ ನಿಲ್ಲಿಸುತ್ತದೆ.

ಎಣ್ಣೆ ಬಿಲ್ ನೋಡಿ ಮಾತ್ರ ಇವನ್ನು ತೂಗಬೇಡಿ. ನಮ್ಮ ಮೂರನೇ ಅಂತಸ್ತಿಗೆ ಕೆಳಗಿನ ಎರಡು ಮನೆಗಳ ಬಿಸಿ ಪುಕ್ಕಟೆಯಾಗಿ ಏರುತ್ತದೆ. ನಡುವಿನ ಮನೆಯವರಿಗೆ ಥರ್ಮೋಸ್ಟಾಟ್ 74 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ಇರಬೇಕು. ಹೀಗಿದ್ದಾಗ ಬಿಲ್ಲಿನಿಂದ ಏನು ತಿಳಿಯುತ್ತದೆ? ಟೆಕ್ನಿಷಿಯನ್ ಉಪಕರಣ ಇಟ್ಟು ಅಳೆದ ಹೊಗೆ, ಕಾರ್ಬನ್ ಡೈಆಕ್ಸೈಡ್, ಚಿಮಣಿ ಕೊಳವೆಯ ಬಿಸಿ, ಡ್ರಾಫ್ಟ್ ಅಂದರೆ ಚಿಮಣಿಯ ಎಳೆತ, ಇವನ್ನು ಹೋಲಿಸಿದರೆ ಮಾತ್ರ ಬರ್ನರ್ ಹೇಗಿದೆ ಎಂದು ಗೊತ್ತಾಗುತ್ತದೆ.

ಬೆಕೆಟ್ ಒಹಾಯೊದ ಕಂಪನಿ, 1937ರಿಂದ ಇದೆ. ಈ ಭಾಗದಲ್ಲಿ ಯಾರ ಮನೆಯ ಬೇಸ್‌ಮೆಂಟಿಗೆ ಇಳಿದರೂ ಜಾಸ್ತಿ ಕಣ್ಣಿಗೆ ಬೀಳುವುದು ಇದೇ. ಅದರ ದೊಡ್ಡ ಗುಣವೂ ಅದೇ. ಪಂಪ್, ಮೋಟರ್, ಅವೆರಡರ ನಡುವಿನ ಕಪ್ಲಿಂಗ್, ಕ್ಯಾಡ್ ಸೆಲ್, ಎಲ್ಲವೂ ಸರ್ವಿಸ್ ವ್ಯಾನಿನಲ್ಲಿ ಇದ್ದೇ ಇರುತ್ತವೆ. ಒಳಗೆ ನೋಡುವುದೂ ಸುಲಭ. ಮೇಲಿರುವ, ಕಿಡಿ ಹಾರಿಸುವ ಇಗ್ನೈಟರ್ ಪೆಟ್ಟಿಗೆಯನ್ನು ಮುಚ್ಚಳದ ಹಾಗೆ ಹಿಂದಕ್ಕೆ ಮಗುಚಿದರೆ ನಾಝಲ್ ಕೊಳವೆ ಪೂರ್ತಿ ಕಾಣುತ್ತದೆ. ಅದರ ಕೊರತೆ ಗಾಳಿಯ ವಿಷಯದಲ್ಲಿ. ಎಎಫ್‌ಜಿಯ ಗಾಳಿಕಿಂಡಿ ಸದಾ ತೆರೆದೇ ಇರುತ್ತದೆ. ಬರ್ನರ್ ನಿಂತ ಮೇಲೂ ಚಿಮಣಿ ಬೇಸ್‌ಮೆಂಟಿನ ತಣ್ಣನೆ ಗಾಳಿಯನ್ನು ಬಾಯ್ಲರ್ ಮೂಲಕ ಎಳೆದುಕೊಂಡು ಹೋಗುತ್ತದೆ, ಜೊತೆಗೆ ಬಿಸಿಯೂ ಹೋಗುತ್ತದೆ. ಡ್ರೈಯರ್‌ನ ಹತ್ತಿಯಂಥ ಧೂಳು, ನಾಯಿಕೂದಲು ಫ್ಯಾನಿನ ಅಲಗುಗಳಿಗೆ ಅಂಟಿದರಂತೂ ಗಾಳಿ ಕಡಿಮೆಯಾಗಿ ಮಸಿ ಶುರುವಾಗುತ್ತದೆ. ಹಳೆಯ ಎಎಫ್‌ಜಿ ಇದ್ದರೆ ಕಂಟ್ರೋಲ್ ಬದಲಿಸಿ ಬೆಕೆಟ್‌ನದೇ ಜೆನಿಸಿಸ್ ಕಂಟ್ರೋಲನ್ನು, ಪಂಪಿನಲ್ಲಿ ಎಣ್ಣೆ ತಡೆಹಿಡಿಯುವ ವಿದ್ಯುತ್ ವಾಲ್ವ್ ಇಲ್ಲದಿದ್ದರೆ ಅದನ್ನೂ, ಹಾಕಿಸಿಕೊಳ್ಳಿ. ಹೊತ್ತುವ ಮುಂಚೆ ಒಲೆಗೂಡಿನ ಒಳಗೆ ಗಾಳಿ ಬೀಸಿ ಸ್ವಚ್ಛ ಮಾಡುವ ಪ್ರೀ-ಪರ್ಜ್, ಆರಿದ ಮೇಲೂ ಸ್ವಲ್ಪ ಹೊತ್ತು ಬೀಸುವ ಪೋಸ್ಟ್-ಪರ್ಜ್ ಎರಡೂ ಸಿಗುತ್ತವೆ. ನಮ್ಮಲ್ಲಿ ಹಾಗೆ ಬದಲಿಸಿದ ಮೇಲೆ ಬರ್ನರ್ ಶುರುವಾಗುವಾಗ ಬರುತ್ತಿದ್ದ ‘ಧುಂ’ ಸದ್ದು ನಿಂತೇ ಹೋಯಿತು.

ರಿಯೆಲ್ಲೊ ಇಟಲಿಯದು, ಕೆಂಪು ಮುಚ್ಚಳದಿಂದ ದೂರದಿಂದಲೇ ಗುರುತು ಸಿಗುತ್ತದೆ. ಇದರಲ್ಲಿ ನನಗೆ ತುಂಬಾ ಹಿಡಿಸಿದ್ದು ಗಾಳಿಯ ಬಾಗಿಲು. ಮೋಟರ್ ತಿರುಗತೊಡಗಿದರೆ ಪಂಪಿನ ಎಣ್ಣೆಯ ಒತ್ತಡವೇ ಒಂದು ಸಣ್ಣ ಪಿಸ್ಟನ್ ತಳ್ಳಿ ಬಾಗಿಲು ತೆರೆಯುತ್ತದೆ. ಬರ್ನರ್ ನಿಂತರೆ ಒತ್ತಡ ಇಳಿದು ಬಾಗಿಲು ಮುಚ್ಚಿಕೊಳ್ಳುತ್ತದೆ. ಬೇರೆ ವಿದ್ಯುತ್ ಮೋಟರೂ ಬೇಡ, ವೈರೂ ಬೇಡ. ಬಿಸಿ ಒಳಗೇ ಉಳಿಯುತ್ತದೆ. ಪ್ರೀ-ಪರ್ಜ್ ಮೊದಲಿನಿಂದಲೇ ಇದೆ. ಫ್ಯಾನಿಗೂ ಬಲ ಹೆಚ್ಚು. ಹಾಗಾಗಿ ಹೊರಗೆ ಗಾಳಿ ಜೋರಾಗಿ ಬೀಸುವ ದಿನ ಚಿಮಣಿಯ ಎಳೆತ ಏರಿಳಿದರೂ ಬೆಂಕಿ ಅಷ್ಟಾಗಿ ಅಲುಗುವುದಿಲ್ಲ. ವರ್ಷ ಕಳೆದು ತೆರೆದಾಗ ಮೂರರಲ್ಲಿ ಒಳಗೆ ಹೆಚ್ಚು ಸ್ವಚ್ಛವಾಗಿ ಕಂಡದ್ದು ಇದೇ.

ಆದರೆ ರಿಯೆಲ್ಲೊದ ಪಂಪ್, ಮೋಟರ್, ಕಂಟ್ರೋಲ್ ಎಲ್ಲ ಅದರದ್ದೇ. ಬೆಕೆಟ್‌ನ ಭಾಗ ಇದಕ್ಕೆ ಕೂರುವುದಿಲ್ಲ. ಇದನ್ನು ಬಲ್ಲ ಟೆಕ್ನಿಷಿಯನ್ ಸೆಟ್ಟಿಂಗ್ ನಂಬರ್ ನೋಡಿ ಬೇಗ ಕೆಲಸ ಮುಗಿಸುತ್ತಾನೆ. ಬಳಕೆ ಇಲ್ಲದವನು ಕೆಂಪು ಮುಚ್ಚಳ ಕಂಡ ಕೂಡಲೇ ಮುಖ ಸಣ್ಣ ಮಾಡುತ್ತಾನೆ.

ಕಾರ್ಲಿನ್ ಬಹುಕಾಲ ನಮ್ಮ ರಾಜ್ಯದ ಈಸ್ಟ್ ಲಾಂಗ್‌ಮೆಡೋದಲ್ಲೇ ಇದ್ದ ಕಂಪನಿ. ಇಝಡ್-1ರಲ್ಲಿ ಪಂಪ್, ಕ್ಯಾಡ್ ಸೆಲ್‌ನಂಥವು ಎಲ್ಲೆಡೆ ಸಿಗುವವೇ. ಬೆಂಕಿಯೂ ಚೆನ್ನಾಗಿದೆ. ಒಂದು ವಿಷಯ ಮಾತ್ರ ಗಮನಿಸಲೇಬೇಕು. ನಾಝಲ್ ಅಳತೆಗೆ ತಕ್ಕಂತೆ ಬರ್ನರ್ ಬದಿಯಲ್ಲಿ ಒಂದು ಪುಟ್ಟ ಪಟ್ಟಿ ಕೂರಿಸುತ್ತಾರೆ. ಇದಕ್ಕೆ ಹೆಡ್ ಬಾರ್ ಅನ್ನುತ್ತಾರೆ. ಬೆಂಕಿ ಹೊತ್ತುವ ಮುಂತುದಿ, ಅಂದರೆ ಹೆಡ್, ಎಷ್ಟು ಹಿಂದೆ, ಎಷ್ಟು ಮುಂದೆ ನಿಲ್ಲಬೇಕು ಅನ್ನುವುದು ಅದರ ಮೇಲೆ ನಿಂತಿದೆ. ನಾಝಲ್ ಬದಲಿಸಿ ಪಟ್ಟಿ ಹಳೆಯದೇ ಬಿಟ್ಟರೆ ಬೆಂಕಿ ಸರಿಯಾಗಿ ಉರಿಯುವುದಿಲ್ಲ. ಅದರ ಮೇಲೆ ಅಚ್ಚಾಗಿರುವ ಅಂಕಿಯನ್ನು ನೀವೇ ಟಾರ್ಚ್ ಹಿಡಿದು ಓದಬಹುದು.

ಹಾಗಾದರೆ ಯಾವುದು? ಉರಿಯುವ ಗುಣ ಒಂದನ್ನೇ ನೋಡಿದರೆ ನನ್ನ ಓಟು ರಿಯೆಲ್ಲೊಗೆ. ಆದರೂ ಹೊಸದಾಗಿ ಹಾಕಿಸುವುದಾದರೆ ಬೆಕೆಟ್ ಹಾಕಿಸುತ್ತೇನೆ. ಜನವರಿಯ ರಾತ್ರಿ ಹೊರಗೆ ಸೊನ್ನೆ ಡಿಗ್ರಿ ಫ್ಯಾರನ್‌ಹೀಟ್ ಇದ್ದಾಗ ಬಾಯ್ಲರ್ ನಿಂತರೆ, ಗೋಡೆಯೊಳಗಿನ ಪೈಪ್ ಹೆಪ್ಪುಗಟ್ಟಿ ಒಡೆಯಲು ತುಂಬಾ ಹೊತ್ತು ಬೇಕಿಲ್ಲ. ಆಗ ಬೇಕಾದ ಭಾಗ ವ್ಯಾನಿನಲ್ಲಿದೆಯೋ ಇಲ್ಲವೋ ಅನ್ನುವುದೇ ಮುಖ್ಯ. ಮೇಲೆ ಮಕ್ಕಳೊಂದಿಗರ ಸಂಸಾರ ಬಾಡಿಗೆಗಿದ್ದರಂತೂ ಇದರಲ್ಲಿ ಎರಡು ಮಾತಿಲ್ಲ. ನಿಮ್ಮ ಊರಿನ ಸರ್ವಿಸ್ ಕಂಪನಿ ರಿಯೆಲ್ಲೊವನ್ನೇ ದಿನವೂ ಮಾಡುವಂಥದ್ದಾದರೆ ಧೈರ್ಯವಾಗಿ ಅದನ್ನೇ ಹಾಕಿಸಿ. ಆರಿಸುವ ಮುಂಚೆ ಫೋನ್ ಮಾಡಿ ಕೇಳಿಬಿಡಿ, ಅಷ್ಟೇ.

ಬರ್ನರ್ ಯಾವುದೇ ಇರಲಿ, ನಿಮ್ಮ ಬಾಯ್ಲರ್‌ನ ಮ್ಯಾನುಯಲ್‌ನಲ್ಲಿ ಅದರ ಹೆಸರಿರಬೇಕು. ಬರ್ನರ್‌ನ ಕೊಳವೆ ಎಷ್ಟು ಉದ್ದ, ಯಾವ ಹೆಡ್, ಯಾವ ನಾಝಲ್, ಎಷ್ಟು ಒತ್ತಡ, ಎಲ್ಲ ಅಲ್ಲೇ ಕೊಟ್ಟಿರುತ್ತಾರೆ. ನಾಝಲ್ ಮೇಲೆ ‘0.75 80 ಬಿ’ ಎಂದಿದ್ದರೆ 100 ಪಿಎಸ್ಐ (ಚದರ ಇಂಚಿಗೆ 100 ಪೌಂಡ್) ಒತ್ತಡದಲ್ಲಿ ಗಂಟೆಗೆ ಮುಕ್ಕಾಲು ಗ್ಯಾಲನ್, 80 ಡಿಗ್ರಿ ಅಗಲದ ಸಿಂಪಡಣೆ, ನಡುವೆ ಟೊಳ್ಳಿಲ್ಲದ ತುಂಬು ಬಗೆಯದು ಎಂದು ಅರ್ಥ. ಅದೇ ನಾಝಲ್‌ಗೆ 140 ಪಿಎಸ್ಐ ಕೊಟ್ಟರೆ ಸುಮಾರು 0.89 ಗ್ಯಾಲನ್ ಹೋಗುತ್ತದೆ. ಒತ್ತಡ ಅಳೆಯದೆ ಬರೀ ನಾಝಲ್ ಬದಲಿಸಿ ಹೋಗುವವರನ್ನು ನಾನು ಒಪ್ಪದಿರುವುದು ಇದಕ್ಕೇ. ಇನ್ನೊಂದು ಮಾತು: ಊರಿನಲ್ಲಿ ಪಂಪ್ ಸ್ಟೌವ್ ಕಟ್ಟಿಕೊಂಡರೆ ಪಿನ್ ಹಾಕಿ ಬಿಡಿಸುತ್ತಿದ್ದೆವಲ್ಲ, ಇಲ್ಲಿ ಆ ಕೆಲಸ ಮಾಡಲೇಬಾರದು. ಒಂದು ಗೀರು ಬಿದ್ದರೂ ಸಿಂಪಡಣೆ ಒಂದು ಕಡೆಗೆ ವಾಲುತ್ತದೆ. ಹೊಸ ನಾಝಲ್‌ಗೆ ಕೆಲವೇ ಡಾಲರ್.

ನಿರ್ವಹಣೆಯನ್ನು ಚಳಿ ಶುರುವಾಗುವ ಮುಂಚೆ, ವರ್ಷಕ್ಕೊಮ್ಮೆ ಮಾಡಿಸಿ. ಮ್ಯಾಸಚೂಸೆಟ್ಸ್‌ನಲ್ಲಿ ಈ ಕೆಲಸಕ್ಕೆ ಸರ್ಟಿಫಿಕೇಟ್ ಇರುವ ಟೆಕ್ನಿಷಿಯನ್ನೇ ಬೇಕು. ನಾವು ನಿಂತು ನೋಡಬಹುದು, ಕೇಳಬಹುದು. ನಾಝಲ್, ಫಿಲ್ಟರ್, ಪಂಪಿನ ಜಾಲರಿ ಬದಲಾಗಬೇಕು. ಎಲೆಕ್ಟ್ರೋಡ್‌ಗಳ ಅಂತರವನ್ನು ಗೇಜ್ ಇಟ್ಟು ನೋಡಬೇಕು. ಕ್ಯಾಡ್ ಸೆಲ್ ಒರೆಸಬೇಕು. ಬಾಯ್ಲರ್ ಒಳಗಿನ ಮಸಿ ಬ್ರಷ್ ಹಾಕಿ ತೆಗೆಯಬೇಕು. 2018ರ ಜುಲೈನಿಂದ ಇಲ್ಲಿ 15 ಪಿಪಿಎಂ (ಹತ್ತು ಲಕ್ಷಕ್ಕೆ 15 ಭಾಗ) ಗಂಧಕದ ಎಣ್ಣೆಯೇ ಬರುತ್ತಿರುವುದರಿಂದ ಬಾಯ್ಲರ್ ಒಳಗೆ ಮೊದಲಿನಷ್ಟು ಹಕ್ಕಳೆ ಕಟ್ಟುವುದಿಲ್ಲ. ಹಾಗಂತ ಒಂದು ವರ್ಷ ಬಿಟ್ಟರೆ ನಡೆಯುತ್ತದೆ ಅಂದುಕೊಳ್ಳಬೇಡಿ. ಗಾಳಿಯ ಪ್ರಮಾಣ ತಪ್ಪಿದರೆ ಯಾವ ಎಣ್ಣೆಯಾದರೂ ಮಸಿಯೇ.

ಮುಖ್ಯವಾದ ಕೆಲಸ ಇದೆಲ್ಲ ಆದ ಮೇಲೆ ಬರುತ್ತದೆ. ಬಾಯ್ಲರ್ ಚೆನ್ನಾಗಿ ಕಾದ ನಂತರ ಚಿಮಣಿ ಕೊಳವೆಯ ತೂತಿಗೆ ಕೈಪಂಪ್ ಇಟ್ಟು, ಬಿಳಿ ಕಾಗದದ ಮೂಲಕ ಹೊಗೆ ಎಳೆಯುತ್ತಾರೆ. ಕಾಗದದ ಮೇಲೆ ಬೂದು ಚುಕ್ಕೆ ಬೀಳುತ್ತದೆ. ಅದನ್ನು ಸೊನ್ನೆಯಿಂದ ಒಂಬತ್ತರವರೆಗಿನ ಪಟ್ಟಿಗೆ ಹೋಲಿಸುತ್ತಾರೆ. ಚುಕ್ಕೆ ಕಂಡೂ ಕಾಣದಷ್ಟು ಆಗುವವರೆಗೆ ಗಾಳಿ ಹೊಂದಿಸಬೇಕು. ಆಗ ಕಾರ್ಬನ್ ಡೈಆಕ್ಸೈಡ್ ಎಷ್ಟಿದೆ ನೋಡಿ, ಅದರ ಶೇಕಡಾವಾರು ಸುಮಾರು ಒಂದು ಅಂಶ ಇಳಿಯುವಷ್ಟು ಗಾಳಿ ಜಾಸ್ತಿ ಕೊಡಬೇಕು. ಚುಕ್ಕೆ ಪೂರ್ತಿ ಮಾಯವಾಗಬೇಕು. ಆ ಹೆಚ್ಚಿನ ಗಾಳಿ ಮುಂದಿನ ವರ್ಷದವರೆಗೆ ಧೂಳು ಕೂರುವುದಕ್ಕೆ ಬಿಟ್ಟ ಜಾಗ. ಬೆಂಕಿಯ ಬಣ್ಣ ನೋಡಿ ‘ಸರಿ ಇದೆ’ ಅನ್ನುವವರಿಗೆ ಇದು ಕಾಣುವುದೇ ಇಲ್ಲ. ಅಳತೆಯ ಪ್ರಿಂಟ್ ಕೇಳಿ ತೆಗೆದುಕೊಂಡು ಬಾಯ್ಲರ್ ಪಕ್ಕದಲ್ಲೇ ತೂಗುಹಾಕಿ. ಮುಂದಿನ ವರ್ಷ ಬಂದವರು ಮೊದಲು ಅದನ್ನೇ ಓದುತ್ತಾರೆ.

ಮನೆಯವರಿಗೂ ಬಾಡಿಗೆಯವರಿಗೂ ಎರಡು ವಿಷಯ ಹೇಳಿಟ್ಟಿರಬೇಕು. ಬೇಸ್‌ಮೆಂಟ್ ಮೆಟ್ಟಿಲ ಮೇಲಿರುವ ಕೆಂಪು ಪ್ಲೇಟಿನ ಸ್ವಿಚ್ ದೀಪದ್ದಲ್ಲ, ಬರ್ನರ್‌ನದು. ನೆಂಟರು ಬಂದಾಗ ದೀಪ ಅಂದುಕೊಂಡು ಆರಿಸಿಬಿಡುತ್ತಾರೆ, ಆಮೇಲೆ ಮನೆಯೆಲ್ಲ ತಣ್ಣಗಾಗುತ್ತದೆ. ಹಾಗಾಗಿ ಫೋನ್ ಮಾಡುವ ಮುಂಚೆ ಅದನ್ನೂ ಟ್ಯಾಂಕಿನ ಗೇಜನ್ನೂ ನೋಡಿ. ಎರಡನೆಯದು, ಕಂಟ್ರೋಲ್ ನಿಲ್ಲಿಸಿದ ಬರ್ನರನ್ನು ಮತ್ತೆ ಶುರು ಮಾಡುವ ರೀಸೆಟ್ ಬಟನ್. ಅದನ್ನು ಒಮ್ಮೆ ಒತ್ತಿ. ಹೊತ್ತದಿದ್ದರೆ ಮತ್ತೆ ಮುಟ್ಟಬೇಡಿ. ಪ್ರತಿ ಸಲ ಒತ್ತಿದಾಗಲೂ ಸುಡದ ಎಣ್ಣೆ ಒಳಗೆ ಸೇರುತ್ತಾ ಹೋಗುತ್ತದೆ, ಕೊನೆಗೊಮ್ಮೆ ಹೊತ್ತಿದರೆ ಅಷ್ಟೂ ಒಟ್ಟಿಗೆ ಹೊತ್ತುತ್ತದೆ. ಯಾರಾದರೂ ಗಾಬರಿಯಲ್ಲಿ ಹಲವು ಸಲ ಒತ್ತಿದ್ದರೆ ಟೆಕ್ನಿಷಿಯನ್ ಬಂದ ಕೂಡಲೇ ಮುಚ್ಚಿಡದೆ ಹೇಳಿ. ಒಳಗಿನ ಎಣ್ಣೆ ತೆಗೆದ ಮೇಲೇ ಆತ ಅದನ್ನು ಶುರು ಮಾಡಬೇಕು.