ಕೆಆರ್‌ಎಸ್ ನೀರಿನ ಮಟ್ಟದ ಗ್ರಾಫ್: ಪಾಂಡಾಸ್, ಮ್ಯಾಟ್‌ಪ್ಲಾಟ್‌ಲಿಬ್, ಪ್ಲಾಟ್ಲಿ ಮೂರರಲ್ಲೂ ಹಾಕಿ ನೋಡಿದ್ದು

ಪೇಪರಲ್ಲಿ ದಿನಾ ಒಂದು ಸಣ್ಣ ಬಾಕ್ಸ್ ಬರುತ್ತಲ್ಲ, ಕೆಆರ್‌ಎಸ್ ಗರಿಷ್ಠ ಮಟ್ಟ 124.80 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು ಕ್ಯೂಸೆಕ್, ಹೊರಹರಿವು ಇಷ್ಟು ಅಂತ, ಆ ಅಂಕಿಗಳನ್ನ ನಾನು ಒಂದು ಸಿಎಸ್‌ವಿ ಫೈಲಲ್ಲಿ ತುಂಬಿಸ್ತಾ ಬಂದಿದೀನಿ. ಮಂಡ್ಯದ ಹತ್ರ ನಮ್ಮ ಚಿಕ್ಕಪ್ಪಂದು ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ನೀರು ನಂಬ್ಕೊಂಡಿರೋ ಗದ್ದೆ, ಅವ್ರು ಫೋನ್ ಮಾಡಿದಾಗೆಲ್ಲ ಕೇಳೋದು ಒಂದೇ, "ಹೋದ್ವರ್ಷ ಇದೇ ಹೊತ್ತಿಗೆ ಎಷ್ಟಿತ್ತು ನೋಡಪ್ಪ". ಅದಕ್ಕೆ ಉತ್ತರ ಗ್ರಾಫಲ್ಲಿ ಕಂಡಷ್ಟು ಚೆನ್ನಾಗಿ ಇನ್ನೆಲ್ಲೂ ಕಾಣಲ್ಲ. ಒಂದೇ ಫೈಲನ್ನ ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ಮೂರು ಲೈಬ್ರರಿಗೂ (ಸಿದ್ಧ ಕೋಡಿನ ಕಟ್ಟುಗಳು), ಅಂದ್ರೆ ಪಾಂಡಾಸ್, ಮ್ಯಾಟ್‌ಪ್ಲಾಟ್‌ಲಿಬ್, ಪ್ಲಾಟ್ಲಿಗೆ, ಕೊಟ್ಟು ನೋಡ್ದೆ. ಗೆರೆ ಎಳೆಯೋದರಲ್ಲಿ ಮೂರೂ ಒಂದೇ, ಆದ್ರೆ ಕೆಳಗಡೆ ತಾರೀಕಿನ ಅಕ್ಷ ಇದೆಯಲ್ಲ, ಅಲ್ಲಿ ಮೂರಕ್ಕೂ ಮೂರು ದಾರಿ.

ಯಾವ ಲೈಬ್ರರಿ ಆದ್ರೂ ಮೊದ್ಲು ಎರಡು ಕೆಲಸ ಆಗಲೇಬೇಕು. ನಾವು ತಾರೀಕು ಬರೆಯೋದು ದಿನ-ತಿಂಗಳು-ವರ್ಷ, ಪಾಂಡಾಸ್ ತಾನಾಗಿ ಓದೋದು ತಿಂಗಳು ಮೊದಲು ಅಂತ. ಹಳೆ ಪಾಂಡಾಸ್ 05-06-ನ್ನ ಮೇ 6 ಅಂತಲೂ 13-06-ನ್ನ ಜೂನ್ 13 ಅಂತಲೂ ಓದ್ಕೊಂಡು ಎರಡನ್ನೂ ಬೆರೆಸಿಬಿಡ್ತಿತ್ತು, 2023ರಲ್ಲಿ ಬಂದ 2.0 ಮೊದಲ ತಾರೀಕು ನೋಡಿ ಒಂದು ಫಾರ್ಮ್ಯಾಟ್ ಹಿಡ್ಕೊಂಡು ಹೊಂದದೇ ಇದ್ದಲ್ಲಿ ಎರರ್ ಕೊಡುತ್ತೆ, ಅದೇ ಒಳ್ಳೇದು. ನೀವೇ ಫಾರ್ಮ್ಯಾಟ್ ಹೇಳಿಬಿಡಿ ಅಥವಾ ಡೇಫಸ್ಟ್ (ದಿನ ಮೊದಲು ಅನ್ನೋ ಆಪ್ಷನ್) ಆನ್ ಮಾಡಿ. ಇಷ್ಟೂ ಮಾಡ್ದೆ ತಾರೀಕನ್ನ ಬರೀ ಅಕ್ಷರ ಅಂತ ಮ್ಯಾಟ್‌ಪ್ಲಾಟ್‌ಲಿಬ್‌ಗೆ ಕೊಟ್ರೆ ಅದು ಪ್ರತಿ ದಿನಕ್ಕೂ ಒಂದೊಂದು ಲೇಬಲ್ ಒತ್ತೊತ್ತಾಗಿ ಹಾಕುತ್ತೆ, ಕೆಳಗೆ ಕಪ್ಪು ಪಟ್ಟಿ ಬಿಟ್ರೆ ಏನೂ ಕಾಣಲ್ಲ.

ಎರಡನೇದು ಬಿಟ್ಟುಹೋದ ದಿನ. ಆಯುಧ ಪೂಜೆ, ದೀಪಾವಳಿ ರಜೆ ಅಂತ ಮಾರನೇ ದಿನ ಪೇಪರ್ ಇರಲ್ಲ, ಅವತ್ತಿನ ಸಾಲೇ ನನ್ ಫೈಲಲ್ಲಿ ಇಲ್ಲ. ಸಾಲು ಇಲ್ಲ ಅಂದ್ರೆ ಮೂರು ಲೈಬ್ರರಿನೂ ಈ ಕಡೆ ಚುಕ್ಕಿಯಿಂದ ಆ ಕಡೆ ಚುಕ್ಕಿಗೆ ನೇರ ಗೆರೆ ಎಳೆದುಬಿಡ್ತವೆ, ಅಳೆದೇ ಇರೋ ನೀರನ್ನ ಅಳೆದ ಹಾಗೆ ತೋರಿಸ್ತವೆ. ಪಾಂಡಾಸ್‌ನಲ್ಲಿ ಆಸ್‌ಫ್ರೀಕ್ ಅಂತ ಇದೆ, ದಿನದ ಲೆಕ್ಕಕ್ಕೆ ಅದನ್ನ ಒಂದ್ಸಲ ಹಾಕಿದ್ರೆ ಬಿಟ್ಟ ದಿನಗಳ ಜಾಗದಲ್ಲಿ ಖಾಲಿ ಸಾಲು ಬರುತ್ತೆ, ಆಮೇಲೆ ಮೂರರಲ್ಲೂ ಗೆರೆ ಅಲ್ಲಿ ಕಡಿಯುತ್ತೆ. ಕಡಿದ ಗೆರೆ ನೋಡೋಕೆ ಚಂದ ಇಲ್ಲದೇ ಇರಬಹುದು, ಆದ್ರೆ ಅದೇ ಸರಿ.

ಈಗ ಪಾಂಡಾಸ್. ಇಂಡೆಕ್ಸಲ್ಲಿ (ಸಾಲುಗಳನ್ನ ಗುರುತಿಸೋ ಕಾಲಂ) ತಾರೀಕಿದ್ರೆ ಒಂದೇ ಸಾಲಲ್ಲಿ ಗ್ರಾಫ್ ರೆಡಿ, ವಾರದ ಸರಾಸರಿಗೆ ರೀಸ್ಯಾಂಪಲ್, ಏಳು ದಿನದ ಓಡೋ ಸರಾಸರಿಗೆ ರೋಲಿಂಗ್, ಮಟ್ಟ ಒಂದ್ಕಡೆ ಒಳಹರಿವು ಇನ್ನೊಂದ್ಕಡೆ ಬೇಕಂದ್ರೆ ಸೆಕೆಂಡರಿ ವೈ (ಬಲಗಡೆ ಇನ್ನೊಂದು ಅಕ್ಷ). ಡೇಟಾ ಹೇಗಿದೆ ಅಂತ ಬೇಗ ನೋಡೋಕೆ ಇದನ್ನ ಮೀರಿಸೋದು ಸಿಗಲಿಲ್ಲ. ಆದ್ರೆ ಇದರ ಗ್ರಾಫ್ ಹಿಂದೆ ಇರೋದು ಮ್ಯಾಟ್‌ಪ್ಲಾಟ್‌ಲಿಬ್ಬೇ, ತಾರೀಕಿನ ಲೆಕ್ಕ ಮಾತ್ರ ಪಾಂಡಾಸ್ ತನ್ನದೇ ಇಟ್ಕೊಂಡಿದೆ, ಅಲ್ಲಿಂದಾನೇ ತಕರಾರು. ತಿಂಗಳ ಸರಾಸರಿ ಗ್ರಾಫ್ ಅಂದ್ರೆ ಪಾಂಡಾಸ್ 1970ರಿಂದ ತಿಂಗಳು ಎಣಿಸುತ್ತೆ, 2023ರ ಜೂನ್ ಅದರ ಲೆಕ್ಕದಲ್ಲಿ 641. ಅದೇ ಗ್ರಾಫಿಗೆ ಮ್ಯಾಟ್‌ಪ್ಲಾಟ್‌ಲಿಬ್‌ನ ಡೇಟ್ ಫಾರ್ಮ್ಯಾಟರ್ (ತಾರೀಕಿನ ಲೇಬಲ್ ಬರೆಯೋದು) ಹಾಕಿದ್ರೆ ಅದು ಆ 641-ನ್ನ ದಿನ ಅಂತ ಓದುತ್ತೆ, ಅಕ್ಷದ ಮೇಲೆ 1971ರ ಅಕ್ಟೋಬರ್ ಅಂತ ಬರುತ್ತೆ. ದಿನದ ಡೇಟಾದಲ್ಲಿ ಎರಡೂ 1970ರಿಂದ ದಿನ ಎಣಿಸೋದ್ರಿಂದ ಹೊಂದ್ಕೊಂಡುಬಿಡುತ್ತೆ, ಹಾಗಾಗಿ ಇದು ಬೇಗ ಕಣ್ಣಿಗೆ ಬೀಳಲ್ಲ. ಪಾಂಡಾಸ್‌ಗೆ ಎಕ್ಸ್_ಕಂಪ್ಯಾಟ್ ಟ್ರೂ ಅಂತ ಕೊಟ್ರೆ, ಅಂದ್ರೆ ಮ್ಯಾಟ್‌ಪ್ಲಾಟ್‌ಲಿಬ್ ಲೆಕ್ಕಾನೇ ಬಳಸು ಅಂತ ಹೇಳಿದ್ರೆ, ಸರಿಹೋಗುತ್ತೆ, ತಾರೀಕಿನ ಲೇಬಲನ್ನ ನಿಮ್ಮಿಷ್ಟದಂತೆ ಮಾಡ್ಬೇಕು ಅಂದ್ರೆ ನೇರ ಮ್ಯಾಟ್‌ಪ್ಲಾಟ್‌ಲಿಬ್‌ಗೇ ಹೋಗೋದು ವಾಸಿ.

ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಬರೆಯೋ ಸಾಲು ಜಾಸ್ತಿ, ಅದು ನಿಜ. ಆದ್ರೆ ತಿಂಗಳಿಗೊಂದು ಗೀಟು ಬೇಕಾ, ಹದಿನೈದು ದಿನಕ್ಕೊಂದಾ, ವರ್ಷದ ಹೆಸರು ಎಲ್ಲಿ ಬರಬೇಕು, ಎಲ್ಲಾ ಕೈಯಲ್ಲಿ. ಕನ್ಸೈಸ್ ಡೇಟ್ ಫಾರ್ಮ್ಯಾಟರ್ ಅಂತ ಒಂದಿದೆ, ವರ್ಷವನ್ನ ಪ್ರತಿ ಗೀಟಿಗೂ ಬರೆಯದೆ ಬದಲಾದ ಕಡೆ ಮಾತ್ರ ಬರೆಯುತ್ತೆ, ಅದು ತಾನಾಗಿ ಬರಲ್ಲ, ನಾವೇ ಹಾಕ್ಬೇಕು. ಇದನ್ನ ಗೊತ್ತಿಲ್ಲದೆ ಲೇಬಲ್ ಓರೆ ಮಾಡ್ಕೊಂಡು ಒದ್ದಾಡೋರು ತುಂಬ ಜನ.

ಚಿಕ್ಕಪ್ಪನ ಪ್ರಶ್ನೆಗೆ ಬೇಕಾಗಿರೋದು ಉದ್ದ ಗೆರೆ ಅಲ್ಲ, ವರ್ಷಗಳನ್ನ ಒಂದರ ಮೇಲೊಂದು ಇಡೋದು. ಕಾವೇರಿ ಲೆಕ್ಕದಲ್ಲಿ ಜಲವರ್ಷ ಶುರುವಾಗೋದು ಜೂನ್ 1ಕ್ಕೆ, ಜನವರಿಯಿಂದ ಕತ್ತರಿಸಿದ್ರೆ ಮಳೆಗಾಲ ತುಂಬಿಸಿದ ನೀರು ಬೇಸಿಗೇಲಿ ಹೇಗೆ ಇಳೀತು ಅನ್ನೋ ಕಥೆ ಎರಡು ತುಂಡಾಗುತ್ತೆ. ಅದಕ್ಕೆ ಪ್ರತಿ ಸಾಲಿಗೂ ಜಲವರ್ಷ ಯಾವುದು ಅಂತ ಒಂದು ಕಾಲಂ, ಮತ್ತೆ ತಾರೀಕನ್ನೆಲ್ಲ 2023 ಜೂನ್‌ನಿಂದ 2024 ಮೇ ಒಳಗೆ ತಂದು ಕೂರಿಸಿದ ಇನ್ನೊಂದು ಕಾಲಂ ಮಾಡ್ಕೊಂಡೆ, ಆ ಅವಧೀಲೇ ಫೆಬ್ರವರಿ 29 ಬರೋದ್ರಿಂದ ಅಧಿಕ ವರ್ಷದ ದಿನಕ್ಕೂ ಜಾಗ ಸಿಗುತ್ತೆ. ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಹಳೆ ವರ್ಷಗಳಿಗೆ ತಿಳಿ ಬೂದು, ಈ ವರ್ಷಕ್ಕೆ ದಪ್ಪ ನೀಲಿ, 124.80ಕ್ಕೆ ಒಂದು ಅಡ್ಡಗೆರೆ. ಡ್ಯಾಂ ತುಂಬದೇ ಹೋದ 2023, ಜುಲೈನಲ್ಲೇ ತುಂಬಿದ 2024, ಎರಡರ ಮಧ್ಯದ ಅಂತರ ಒಂದೇ ನೋಟಕ್ಕೆ ಸಿಗುತ್ತೆ. ಪ್ರಿಂಟಿಗೂ ವಾಟ್ಸ್ಯಾಪಿಗೂ ಇದೇ ಚಿತ್ರ.

ಪ್ಲಾಟ್ಲಿ ಗೆಲ್ಲೋದು ಕೈಯಾಡಿಸಿ ನೋಡೋಕೆ. ಲೆಜೆಂಡಲ್ಲಿ (ಗೆರೆಗಳ ಹೆಸರಿನ ಪಟ್ಟಿ) ವರ್ಷದ ಮೇಲೆ ಒತ್ತಿದ್ರೆ ಗೆರೆ ಮಾಯ, ಎರಡ್ಸಲ ಒತ್ತಿದ್ರೆ ಅದೊಂದೇ ಉಳಿಯುತ್ತೆ, ಹೋವರ್ ಮೋಡನ್ನ ಎಕ್ಸ್ ಯೂನಿಫೈಡ್ ಅಂತ ಇಟ್ರೆ ಒಂದು ತಾರೀಕಿನ ಮೇಲೆ ಬೆರಳಿಟ್ಟಾಗ ಎಲ್ಲಾ ವರ್ಷದ ಮಟ್ಟ ಒಟ್ಟಿಗೆ ಬರುತ್ತೆ, ಅಂದ್ರೆ ಚಿಕ್ಕಪ್ಪ ಕೇಳಿದ್ದಕ್ಕೆ ನೇರ ಉತ್ತರ. ತೊಂದರೆ ಅಂದ್ರೆ ಎಚ್‌ಟಿಎಂಎಲ್ ಫೈಲ್ ಒಳಗೆ ಅದರ ಜಾವಾಸ್ಕ್ರಿಪ್ಟ್ ಪೂರ್ತಿ ಸೇರಿ ಕೆಲವು ಎಂಬಿ ಆಗುತ್ತೆ, ಸಿಡಿಎನ್ ಆಪ್ಷನ್ (ಜಾವಾಸ್ಕ್ರಿಪ್ಟನ್ನ ನೆಟ್‌ನಿಂದ ತರಿಸೋದು) ಕೊಟ್ರೆ ಚಿಕ್ಕದಾಗುತ್ತೆ ಆದ್ರೆ ತೆಗೆಯೋವಾಗ ನೆಟ್ ಬೇಕು. ಬರೀ ಚಿತ್ರ ಬೇಕಂದ್ರೆ ಕೆಲೈಡೋ ಅನ್ನೋ ಪ್ಯಾಕೇಜ್ ಬೇರೆ ಇನ್‌ಸ್ಟಾಲ್ ಮಾಡ್ಬೇಕು. ಗಂಟೆಗಂಟೆಯ ಡೇಟಾ ಹಾಕೋರು ಇನ್ನೊಂದು ನೋಡ್ಕೊಳ್ಳಿ, ಪ್ಲಾಟ್ಲಿಗೆ ಟೈಮ್‌ಜೋನ್ ಗೊತ್ತಿಲ್ಲ, ಭಾರತದ ಸಮಯಕ್ಕೆ ಮೊದಲೇ ಬದಲಾಯಿಸಿಯೇ ಕೊಡಬೇಕು.

ಕನ್ನಡದಲ್ಲಿ ಹೆಸರು ಹಾಕೋದು ನನಗೆ ಮುಖ್ಯ, ನೋಡೋರು ನಮ್ಮ ಮನೆಯವರೇ. ನಾನು ಬಳಸ್ತಿರೋ ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಮೊದ್ಲು ಬರೀ ಡಬ್ಬಿಗಳು ಬರ್ತವೆ, ನೋಟೋ ಸಾನ್ಸ್ ಕನ್ನಡ ಫಾಂಟ್ ಕೊಟ್ರೆ ಅಕ್ಷರ ಬರುತ್ತೆ ಆದ್ರೆ ಒತ್ತಕ್ಷರ ಕೂಡಲ್ಲ, ಕೃಷ್ಣರಾಜಸಾಗರದ ಷ್ಣ ಬಿಡಿಬಿಡಿಯಾಗಿ ನಿಲ್ಲುತ್ತೆ. ಎಂಪಿಎಲ್‌ಕೈರೋ ಅನ್ನೋ ಬ್ಯಾಕೆಂಡ್ (ಚಿತ್ರ ಬರೆಯೋ ಭಾಗ) ಹಾಕಿದ್ರೆ ಸರಿಯಾಗುತ್ತೆ. ಪ್ಲಾಟ್ಲಿ ಬ್ರೌಸರಲ್ಲಿ ಬರೆಯೋದ್ರಿಂದ ಇದ್ಯಾವ ತಾಪತ್ರಯನೂ ಇಲ್ಲ, ಜೂನ್, ಆಗಸ್ಟ್, ಅಕ್ಟೋಬರ್ ಅಂತ ಗೀಟುಗಳಿಗೆ ಕನ್ನಡದ ಹೆಸರನ್ನ ಟಿಕ್‌ಟೆಕ್ಸ್ಟ್‌ನಲ್ಲಿ ಕೊಟ್ರೆ ಹಾಗೇ ಬರ್ತವೆ. ಆರ್ ಭಾಷೆ ಗೊತ್ತಿರೋರು ಜಿಜಿಪ್ಲಾಟ್ (ಅಲ್ಲಿನ ಗ್ರಾಫ್ ಲೈಬ್ರರಿ) ಜೊತೆ ರ‍್ಯಾಗ್ ಪ್ಯಾಕೇಜ್ ಹಾಕಿ ಸೇವ್ ಮಾಡಿ, ಅಲ್ಲೂ ಒತ್ತಕ್ಷರ ಸರಿಯಾಗೇ ಕೂರುತ್ತೆ.